ಲಕ್ಕಿ ಡ್ರ್ಯಾಗನ್ ಮೇಲೆ ಸುರಿದ ಬೂದಿ

1954ರ ಮಾರ್ಚ್ 1, ನಸುಕು. ಪೆಸಿಫಿಕ್ ಸಾಗರದಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿನ ದೋಣಿ, ಲಕ್ಕಿ ಡ್ರ್ಯಾಗನ್ ನಂಬರ್ 5. ಇದ್ದಕ್ಕಿದ್ದಂತೆ ಪಶ್ಚಿಮದಲ್ಲಿ ಬೆಳಕು! ಸೂರ್ಯ ಹುಟ್ಟುವ ದಿಕ್ಕೇ ಅಲ್ಲ ಅದು. ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತ್ತು.

ಕೆಲವು ಗಂಟೆಗಳಲ್ಲಿ ಬಿಳಿ ಬೂದಿ ಸುರಿಯತೊಡಗಿತು. ಸುಟ್ಟ ಹವಳದ ಪುಡಿ. ಗಾಳದ ಹಗ್ಗ ಎಳೆಯುತ್ತಿದ್ದವರ ತಲೆಗೂದಲಲ್ಲಿ, ಕತ್ತಿನಲ್ಲಿ, ಸೊಂಟದ ಸುತ್ತ ಅಂಟಿಕೊಂಡಿತು.

ಎರಡು ವಾರದ ನಂತರ ದೋಣಿ ಜಪಾನಿನ ಯೈಜು ಬಂದರಿಗೆ ಮರಳಿತು. 23 ಜನ. ಚರ್ಮ ಸುಟ್ಟಿದೆ, ಕೂದಲು ಉದುರುತ್ತಿದೆ, ರಕ್ತದಲ್ಲಿ ಬಿಳಿಕಣಗಳ ಸಂಖ್ಯೆ ಇಳಿಯುತ್ತಿದೆ.

ವೈದ್ಯರಿಗೆ ಬೇಕಿದ್ದದ್ದು ಒಂದೇ ಉತ್ತರ: ಆ ಬೂದಿಯಲ್ಲಿ ಏನೇನಿದೆ? ಅದು ಗೊತ್ತಾದರೆ ತಾನೇ, ವಿಷ ಮೂಳೆಗೆ ಇಳಿಯುತ್ತದೋ, ಥೈರಾಯ್ಡ್‌ಗೋ ಎಂದು ಹೇಳಲಾಗುವುದು! ಅಮೆರಿಕ ಬಾಯಿ ಬಿಡಲಿಲ್ಲ. ಬೂದಿಯ ಲೆಕ್ಕ ಕೊಟ್ಟರೆ ಬಾಂಬಿನ ಗುಟ್ಟು ರಟ್ಟಾಗುತ್ತದಲ್ಲ. ಕೊನೆಗೆ ಟೋಕಿಯೊ ವಿಶ್ವವಿದ್ಯಾಲಯದ ಕೆಂಜಿರೊ ಕಿಮುರಾ ತಂಡವೇ ಬೂದಿ ಶೋಧಿಸಿ ಯುರೇನಿಯಂ-237 ಪತ್ತೆ ಹಚ್ಚಿತು. ಗುಟ್ಟೂ ಉಳಿಯಲಿಲ್ಲ!

ಅಮೆರಿಕದ ವೈದ್ಯರು ಬಂದರು. ಆದರೆ ನಂಬುವವರಾರು? ಹಿರೋಷಿಮಾದಲ್ಲಿ ಅಣುಬಾಂಬಿಗೆ ಸಿಕ್ಕಿ ಬದುಕುಳಿದವರನ್ನು ಅವರ ಆಯೋಗ ಪರೀಕ್ಷೆ ಮಾಡಿತ್ತು, ಚಿಕಿತ್ಸೆ ಕೊಟ್ಟಿರಲಿಲ್ಲ. ಇತ್ತ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ದೋಣಿ ಅಪಾಯ ವಲಯದೊಳಗೇ ಇತ್ತು ಎಂದುಬಿಟ್ಟರು. ಅದು ಹೊರಗಿತ್ತು.

ಏಪ್ರಿಲ್ 2ರಂದು ನಮ್ಮ ಲೋಕಸಭೆಯಲ್ಲಿ ನೆಹರೂ, ಇಂಥ ಪರೀಕ್ಷೆಗಳನ್ನು ನಿಲ್ಲಿಸಿ ಎಂದರು.

ಸೆಪ್ಟೆಂಬರ್ 23ರಂದು ದೋಣಿಯ ರೇಡಿಯೊ ಆಪರೇಟರ್ ಐಕಿಚಿ ಕುಬೊಯಾಮಾ ತೀರಿಕೊಂಡರು. ವಿಕಿರಣದಿಂದ ಎಂದರು ಜಪಾನಿನ ವೈದ್ಯರು, ಅಮೆರಿಕ ಒಪ್ಪಲಿಲ್ಲ. 1955ರ ಜನವರಿಯಲ್ಲಿ 20 ಲಕ್ಷ ಡಾಲರ್ ಕೊಡಲು ಒಪ್ಪಿತು, ಕಾನೂನಿನ ಹೊಣೆ ಮಾತ್ರ ಹೊರಲಿಲ್ಲ. ವಿಷದ ಭೀತಿಯಿಂದಾದ ಮೀನು ವ್ಯಾಪಾರದ ನಷ್ಟವನ್ನೂ ಅದೇ ಹಣದಲ್ಲಿ ತುಂಬಿಕೊಳ್ಳಬೇಕಿತ್ತು.