ಕುಲಗೋಡದ ಪಾರಿಜಾತವೂ ಆಂಗ್ಲ ಪದ್ಯದ ಅಲಂಕಾರಗಳೂ

ಹತ್ತನೆಯ ತರಗತಿಯ ಮಕ್ಕಳು ಆಂಗ್ಲ ಪದ್ಯವನ್ನು ಮುಂದಿಟ್ಟುಕೊಂಡು, "ಸಿಮಿಲಿ ಎಂದರೆ ಹೋಲಿಕೆ, ಮೆಟಫರ್ ಎಂದರೂ ಹೋಲಿಕೆ" ಎಂದು ಬಾಯಿಪಾಠ ಮಾಡುವುದನ್ನು ನಾವು ಅನೇಕ ಮನೆಗಳಲ್ಲಿ ಕೇಳಿದ್ದೇವೆ. ಎರಡೂ ಹೋಲಿಕೆಯೇ ಆದರೆ ಹೆಸರು ಎರಡೇಕೆ ಎಂದು ಕೇಳಿದರೆ ಉತ್ತರವಿಲ್ಲ. ಪರೀಕ್ಷೆಯಲ್ಲಿ ಒಂದು ಅಂಕ ಹೋದರೆ ಹೋಗಲಿ. ಆಂಗ್ಲ ಕಾವ್ಯವು ತನಗೆ ನಿಲುಕದ ವಸ್ತುವೆಂದು ಮಗುವು ಪುಸ್ತಕವನ್ನೇ ಮುಚ್ಚಿಡುತ್ತದಲ್ಲ, ಅದು ದೊಡ್ಡ ಹಾನಿ. ಆ ಹೆಸರುಗಳು ಪರಕೀಯವಾದರೂ ಅವು ಮಾಡುವ ಕೆಲಸ ನಮ್ಮ ಮಕ್ಕಳಿಗೆ ಹೊಸದಲ್ಲ.

ಸಿಮಿಲಿ ಎಂದರೆ ನಮ್ಮ ಉಪಮೆ. ಇಲ್ಲಿ ಎರಡು ವಸ್ತುಗಳು ಅಕ್ಕಪಕ್ಕ ನಿಲ್ಲುತ್ತವೆ. ನಡುವೆ 'ಅಂತೆ', 'ಹಾಗೆ' ಎಂಬ ಮಾತು ಹೊಸ್ತಿಲಾಗಿರುತ್ತದೆ. ಆಂಗ್ಲದಲ್ಲಿ ಆ ಕೆಲಸ 'ಲೈಕ್', 'ಆ್ಯಸ್' ಎಂಬ ಪದಗಳದು. ಮೆಟಫರ್ ಎಂದರೆ ರೂಪಕ. ಅಲ್ಲಿ ಹೊಸ್ತಿಲೇ ಇಲ್ಲ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ವಚನವನ್ನು ನೆನೆಯಿರಿ. ಗುಡಿಯಂತಹ ದೇಹವೆಂದು ಅವರು ಹೇಳಿದ್ದರೆ ಕಲ್ಲಿನ ಗುಡಿಯೇ ಮೇಲಾಗಿ, ದೇಹವು ಅದರ ನಕಲಾಗಿ ಉಳಿಯುತ್ತಿತ್ತು. 'ಅಂತೆ' ಎಂಬುದು ಬಿಟ್ಟುಹೋದೊಡನೆ ಕಲ್ಲಿನ ಗುಡಿಯ ಅಗತ್ಯವೇ ಇಲ್ಲದಾಯಿತು. ಉಪಮೆಗೂ ರೂಪಕಕ್ಕೂ ಇರುವ ಅಂತರವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ತೋರದು. ಗ್ರೀಸಿನ ಅರಿಸ್ಟಾಟಲನು ಕ್ರಿ.ಪೂ. 4ನೆಯ ಶತಮಾನದಲ್ಲಿ ಸಿಮಿಲಿಯೂ ಒಂದು ಬಗೆಯ ಮೆಟಫರೇ ಎಂದನು. ನಮ್ಮ ದಂಡಿಯು ಭೇದ ಮರೆಯಾದ ಉಪಮೆಯೇ ರೂಪಕವೆಂದನು. ಒಂದೇ ಹೊಳೆಯನ್ನು ಇಬ್ಬರೂ ಎದುರುಬದುರು ದಡಗಳಲ್ಲಿ ನಿಂತು ನೋಡಿದ್ದಾರೆ. ದಂಡಿಯ ಜಾಡಿನಲ್ಲಿ ನಡೆದ ಕವಿರಾಜಮಾರ್ಗವು 9ನೆಯ ಶತಮಾನದಲ್ಲಿಯೇ ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೆ ಮೀಸಲಿಟ್ಟಿತು.

ಐರನಿ ಎಂಬುದು ಇನ್ನೂ ತೊಡಕಿನದು. ಹೊತ್ತು ಮೀರಿ ಬಂದ ಮಗನಿಗೆ ತಾಯಿಯು "ಬಾರಪ್ಪಾ, ಭಾಳ ಲಗೂನ ಬಂದಿ" ಎಂದರೆ ಅದು ಹೊಗಳಿಕೆಯಲ್ಲವೆಂದು ಮಗನಿಗೆ ಗೊತ್ತು. ಹೊಗಳಿಕೆಯ ಮರೆಯಲ್ಲಿ ತೆಗಳುವ ಈ ಬಗೆ ನಮ್ಮ ವ್ಯಾಜಸ್ತುತಿಗೆ ಸಮೀಪದ್ದು. ಆದರೆ ಆಂಗ್ಲರು ನಾಟಕದಲ್ಲಿ ಕಾಣುವ ಇನ್ನೊಂದು ಐರನಿಗೆ ನಮ್ಮ ಅಲಂಕಾರಗ್ರಂಥಗಳಲ್ಲಿ ಸರಿಯಾದ ಹೆಸರು ಸಿಗುವುದಿಲ್ಲ. ಹೆಸರಿಲ್ಲದಿದ್ದರೇನು, ಅದರ ಅನುಭವ ಕುಲಗೋಡದಲ್ಲಿದೆ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿ ಈ ಸೀಮೆಯಲ್ಲೆಲ್ಲ ಹಬ್ಬಿಸಿದವನು ಇದೇ ಊರಿನ ಕುಲಗೋಡ ತಮ್ಮಣ್ಣ. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿತೆಂಬುದು ಕಂಬಳಿ ಹಾಸಿ ಕುಳಿತ ಜನಕ್ಕೆಲ್ಲ ಮೊದಲೇ ಗೊತ್ತು, ಸತ್ಯಭಾಮೆಗೆ ಗೊತ್ತಿಲ್ಲ. ಕೃಷ್ಣನ ಒಲವೆಲ್ಲ ತನ್ನದೇ ಎಂದು ಆಕೆ ಬಿಂಕದಿಂದ ಆಡುವ ಒಂದೊಂದು ಮಾತೂ ಆಕೆಗೆ ಒಂದು ಅರ್ಥ, ಕೇಳುವವರಿಗೆ ಮತ್ತೊಂದು. ನಗೆಯೂ ಬರುತ್ತದೆ, ಕನಿಕರವೂ ಮೂಡುತ್ತದೆ. ಬಯಲಾಟವನ್ನು ಅಗ್ಗದ ವಿನೋದವೆಂದು ಬಗೆಯುವ ವಿದ್ಯಾವಂತರು ಇದನ್ನು ಗಮನಿಸಬೇಕು: ಶೇಕ್ಸ್‌ಪಿಯರನ ಪಾಠದಲ್ಲಿ 'ಡ್ರಾಮ್ಯಾಟಿಕ್ ಐರನಿ' ಎಂದು ಬರೆಸುವುದು ಇದನ್ನೇ.

ಪ್ರಾಸದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸವು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಕೂಡುತ್ತದೆ. ಆಂಗ್ಲದ 'ರೈಮ್' ಸಾಲಿನ ಕೊನೆಗೆ ಬರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟರು, ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಬಂದ ಬಳಿಕ ಕೊನೆಯ ಪ್ರಾಸವು ಕನ್ನಡದ ಕಿವಿಗೂ ಒಗ್ಗಿತು. 'ಅಲಿಟರೇಶನ್' ಇವೆರಡೂ ಅಲ್ಲ. ಒಂದೇ ವ್ಯಂಜನ ಹತ್ತಿರ ಹತ್ತಿರದಲ್ಲಿ ಮರುಕಳಿಸುವ ಅದು ನಮ್ಮ ಅನುಪ್ರಾಸದ ಬಳಗ.

ಇನ್ನು ಕೆಲವನ್ನು ಅಲಂಕಾರಗಳ ಪಟ್ಟಿಯಲ್ಲಿ ಹುಡುಕುವುದೇ ವ್ಯರ್ಥ. ಗೋಕಾಕದಲ್ಲಿ ಘಟಪ್ರಭೆ ಭೋರ್ ಭೋರ್ ಎಂದು ಧುಮುಕುವ ಸದ್ದನ್ನು ಹಿಡಿಯುವ ಮಾತಿಗೆ ನಮ್ಮಲ್ಲಿ ವ್ಯಾಕರಣವೇ ಅನುಕರಣಾವ್ಯಯವೆಂದು ಹೆಸರಿಟ್ಟಿದೆ. ಆಂಗ್ಲರ 'ಆನಮಟಪೀಯ' ಅದೇ. ಹಾಗೆಯೇ ಅರಸನನ್ನು ಕಿರೀಟವೆಂದು ಕರೆಯುವ 'ಮೆಟಾನಮಿ' ನಮ್ಮ ಶಾಸ್ತ್ರದಲ್ಲಿ ಲಕ್ಷಣೆ ಎಂಬ ಶಬ್ದಶಕ್ತಿಯ ಕೆಲಸ. ಆಟದ ರಾತ್ರಿ ಊರಿಗೆ ಊರೇ ಎದ್ದು ಬಂತು ಎನ್ನುತ್ತೇವೆ. ಗೋಡೆ, ಬಾವಿ, ಬೇವಿನ ಮರಗಳು ಎದ್ದು ಬಂದವೆಂದು ಯಾವ ಮಗುವೂ ತಿಳಿಯುವುದಿಲ್ಲ.