ಆರಿದ್ರಾ ಚಿಕ್ಕಿಯ ಒಡಲಲ್ಲಿ ಇಂಗಾಲದ ಬೆಂಕಿ?

ಜೂನ್ ಮೂರನೇ ವಾರ ದಾಟುತ್ತಿದ್ದಂತೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹೊಲಗಳಲ್ಲಿ ಆರಿದ್ರಾ ಮಳೆಯ ಲೆಕ್ಕ ಶುರುವಾಗುತ್ತದೆ. ಅದಕ್ಕೂ ಮುಂಚಿನ ಮಿರಗ ಮಳೆ ಕೈಕೊಟ್ಟ ವರ್ಷ ರೈತರ ಆಸೆಯೆಲ್ಲ ಇದರ ಮೇಲೆಯೇ. ಆದರೆ ಈ ಮಳೆಯ ಎರಡು ವಾರ ಅದೇ ಹೆಸರಿನ ನಕ್ಷತ್ರ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಸೂರ್ಯ ಆಕಾಶದ ಅದೇ ದಿಕ್ಕಿನಲ್ಲಿರುತ್ತಾನೆ. ಅದನ್ನು ನೋಡಲು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುವ ಜನವರಿ, ಫೆಬ್ರುವರಿಯೇ ಬರಬೇಕು. ಆಗ ಮಹಾವ್ಯಾಧ ನಕ್ಷತ್ರಪುಂಜದ ಹೆಗಲಲ್ಲಿ ಕೆಂಪಗೆ ಹೊಳೆಯುವ ಚಿಕ್ಕಿಯೇ ಆರಿದ್ರಾ, ಖಗೋಳ ವಿಜ್ಞಾನಿಗಳ ಬೀಟಲ್‌ಜ್ಯೂಸ್. ಅದರ ದ್ರವ್ಯರಾಶಿ ಸೂರ್ಯನ 15ರಿಂದ 20 ಪಟ್ಟು ಇರಬಹುದೆಂಬ ಅಂದಾಜಿದೆ.

ನಕ್ಷತ್ರದ ಆಯುಸ್ಸು ಅದರ ಉರುವಲಿನ ಲೆಕ್ಕ. ಮೊದಲು ಜಲಜನಕ ಬೆಸೆದು ಹೀಲಿಯಂ ಆಗುತ್ತದೆ, ಆಮೇಲೆ ಹೀಲಿಯಂ ಬೆಸೆದು ಇಂಗಾಲ, ಆಮ್ಲಜನಕ. ಸೂರ್ಯನ ಕಥೆ ಅಲ್ಲಿಗೆ ಮುಗಿಯುತ್ತದೆ. ಸೂರ್ಯನಿಗಿಂತ ಸುಮಾರು ಎಂಟು ಪಟ್ಟು ಅಥವಾ ಇನ್ನೂ ಹೆಚ್ಚು ಭಾರದ ನಕ್ಷತ್ರಗಳಲ್ಲಿ ಮಾತ್ರ ತಿರುಳು ತನ್ನ ಭಾರಕ್ಕೇ ಕುಗ್ಗಿ 60ರಿಂದ 100 ಕೋಟಿ ಡಿಗ್ರಿಯವರೆಗೆ ಕಾದು, ಇಂಗಾಲಕ್ಕೆ ಬೆಂಕಿ ಹತ್ತುತ್ತದೆ. ಇಂಗಾಲದ ಒಂದೊಂದು ಪರಮಾಣು ಬೀಜದಲ್ಲೂ ಆರು ಪ್ರೋಟಾನ್. ಎರಡು ಬೀಜಗಳು ಎದುರಾದರೆ ಒಂದನ್ನೊಂದು ದೂಡುತ್ತವೆ. ಆ ದೂಡುವಿಕೆಯನ್ನು ಗೆಲ್ಲಲು ಅಷ್ಟು ಶಾಖ ಬೇಕು. ಬೆಸುಗೆಯಿಂದ ಹುಟ್ಟುವುದು ನಿಯಾನ್, ಸೋಡಿಯಂ, ಮೆಗ್ನೀಸಿಯಂ.

ಇಲ್ಲಿಂದ ನಕ್ಷತ್ರದ ಬದುಕಿನ ವೇಗವೇ ಬೇರೆ. ಅಷ್ಟು ಶಾಖದಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಗಳು ಹುಟ್ಟಿ, ಒಂದನ್ನೊಂದು ಅಳಿಸಿಕೊಂಡು, ಕೆಲವೊಮ್ಮೆ ನ್ಯೂಟ್ರಿನೊ ಎಂಬ ಕಣಗಳಾಗುತ್ತವೆ. ಬೆಳಕು ತಿರುಳಿನಿಂದ ತಡವರಿಸುತ್ತ ಹೊರಬಂದರೆ, ನ್ಯೂಟ್ರಿನೊ ಯಾವುದಕ್ಕೂ ತಡೆಯದೆ ನೇರ ಹೊರಟುಬಿಡುತ್ತದೆ. ಬುಡ ತೂತಾದ ಕೊಡದಂತೆ ಶಕ್ತಿ ಸೋರುತ್ತದೆ. ಕುಸಿಯದೆ ನಿಲ್ಲಲು ನಕ್ಷತ್ರ ಇನ್ನಷ್ಟು ಬಿರುಸಾಗಿ ಉರಿಯಬೇಕು. ಸೂರ್ಯನ 15 ಪಟ್ಟು ಭಾರದ ನಕ್ಷತ್ರವೊಂದರಲ್ಲಿ ಜಲಜನಕ ಸುಮಾರು 1.1 ಕೋಟಿ ವರ್ಷ, ಹೀಲಿಯಂ 20 ಲಕ್ಷ ವರ್ಷ ಬಾಳಿಕೆ ಬಂದರೆ, ಇಂಗಾಲ ಕೇವಲ 2,000 ವರ್ಷ. ಕೊನೆಯ ಸಿಲಿಕಾನ್ 18 ದಿನ. ನಂತರ ಕಬ್ಬಿಣದ ತಿರುಳು ಕುಸಿಯುತ್ತದೆ.

ನ್ಯೂಟ್ರಿನೊಗಳ ಬೇಟೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. 1987ರ ಫೆಬ್ರುವರಿ 23ರಂದು ನೆರೆಯ ಗೆಲಾಕ್ಸಿಯೊಂದರಲ್ಲಿ ಸಿಡಿದ ನಕ್ಷತ್ರದಿಂದ ಹೊರಟ ಇಪ್ಪತ್ತಕ್ಕೂ ಹೆಚ್ಚು ನ್ಯೂಟ್ರಿನೊಗಳು ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟದ ಯಂತ್ರಗಳಲ್ಲಿ ಸಿಕ್ಕಿದವು.

ಇಂಗಾಲದ ಹಂತ ಬರೀ ವೇಗ ಹೆಚ್ಚಿಸುವುದಿಲ್ಲ, ನಕ್ಷತ್ರದ ಕೊನೆಯನ್ನೂ ತಿದ್ದುತ್ತದೆ. ತಿರುಳಿನಲ್ಲಿ ಇಂಗಾಲ ಸಾಕಷ್ಟಿದ್ದರೆ ಅದು ಅನ್ನದ ಗಡಿಗೆಯಂತೆ ಕುದಿಯುತ್ತ ಉರಿಯುತ್ತದೆ. ಸೂರ್ಯನ ಸುಮಾರು 20 ಪಟ್ಟಿಗಿಂತ ಭಾರವಾದವುಗಳಲ್ಲಿ ಇಂಗಾಲದ ಪಾಲು ಕಡಿಮೆ; ಕುದಿತವಿಲ್ಲದೆ ಉರಿದು ತಿರುಳು ಇನ್ನಷ್ಟು ಬಿಗಿಯಾಗುತ್ತದೆ. ಮುಂದೆ ಅದು ನ್ಯೂಟ್ರಾನ್ ನಕ್ಷತ್ರವಾಗುವುದೋ ಕಪ್ಪುಕುಳಿಯಾಗುವುದೋ ಎಂಬುದಕ್ಕೆ ಈ ಬಿಗಿತವೂ ಒಂದು ದೊಡ್ಡ ಕಾರಣ.

ಆರಿದ್ರಾ ಈಗ ಯಾವ ಹಂತದಲ್ಲಿದೆ? 2019ರ ಕೊನೆಗೆ ಅದು ಮಂಕಾದಾಗ ಸಿಡಿಯುವ ಕಾಲ ಬಂತೆಂದು ಜಗತ್ತೆಲ್ಲ ಮಾತಾಡಿತು. ಅದು ತಾನೇ ಉಗುಳಿದ ದೂಳಿನ ಮಸುಕೆಂದು ಆಮೇಲೆ ತಿಳಿಯಿತು. 2023ರಲ್ಲಿ ಜಪಾನ್ ಮತ್ತು ಸ್ವಿಟ್ಜರ್‌ಲೆಂಡಿನ ಸಂಶೋಧಕರು ಅದು ಇಂಗಾಲವನ್ನೇ ಉರಿಸುತ್ತಿದೆ ಎಂದು ವಾದಿಸಿದರು. ಆ ಲೆಕ್ಕ ಕೂಡಬೇಕಾದರೆ ನಕ್ಷತ್ರ ಈವರೆಗಿನ ಅಳತೆಗಿಂತ ಬಹಳ ದೊಡ್ಡದಿರಬೇಕು. ಹೀಗಾಗಿ ಹೀಲಿಯಂ ಹಂತದಲ್ಲಿದೆ ಎಂಬ ಮಾತೇ ಹೆಚ್ಚು ಗಟ್ಟಿ.

ಇಂಗಾಲದ ಬೆಂಕಿಯಲ್ಲಿ ಹುಟ್ಟುವ ಮೆಗ್ನೀಸಿಯಂ ನಮ್ಮ ಹೊಲಕ್ಕೂ ಬೇಕು. ಹತ್ತಿಯ ಎಲೆ ಕೆಂಪಗಾದರೆ ಹಾವೇರಿ ಸೀಮೆಯ ರೈತ ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸುತ್ತಾನೆ. ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ಪ್ರತಿ ಕಣದ ನಡುವೆಯೂ ಒಂದು ಮೆಗ್ನೀಸಿಯಂ ಪರಮಾಣು ಇದೆ. ಭೂಮಿಯ ಮೆಗ್ನೀಸಿಯಂ ಬಹುಪಾಲು ಸೂರ್ಯ ಹುಟ್ಟುವ ಮೊದಲೇ ಇಂಥ ಭಾರೀ ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಿಡಿದಾಗ ಚೆಲ್ಲಿದ್ದು. ಬರುವ ಜನವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಸಾಲಾಗಿರುವ ಮೂರು ಚಿಕ್ಕಿಗಳ ಎಡಕ್ಕೆ ಕೆಂಪಗೆ ಕಾಣುವುದೇ ಆರಿದ್ರಾ.