ಕರೆಂಟ್ ಹೋತು, ಫೈಲ್ ಎಲ್ಲಿ ಹೋತು?

ನಮ್ಮ ಮಾಮಾಂದು ಅಥಣಿ ತಾಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ. ನಮ್ಮ ಕಡೆ ಕಿರಾಣಿ ಅಂಗಡಿ ಅಂದ್ರೆ ಉದ್ರಿ ಇದ್ದೇ ಇರುತ್ತೆ. "ಕಬ್ಬಿನ ಬಿಲ್ ಬಂದ ಮ್ಯಾಲ ಕೊಡ್ತೀನ್ರಿ" ಅಂತ ಒಯ್ದ ಸಾಮಾನಿನ ಲೆಕ್ಕ ತಿಂಗಳುಗಟ್ಟಲೆ ವಹಿಯಲ್ಲಿ ಕೂತಿರುತ್ತೆ. ಮೊದಲ ವರ್ಷದ ರಜೆಯಲ್ಲಿ, ಪೈಥಾನ್ ಕಲಿತ ಹುರುಪಿನಲ್ಲಿ, ನಾನು ಮಾಮಾನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಉದ್ರಿ ಬರೆಯೋಕೆ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಟ್ಟೆ. "ಇನ್ನ ವಹಿ ಬ್ಯಾಡ ಮಾಮಾ" ಅಂತ ಹೇಳಿದವನೂ ನಾನೇ.

ಹನ್ನೆರಡನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಚಾಲೂ ಮಾಡಿದರೆ ಫೈಲ್ ಇದೆ, ಹೆಸರೂ ಸರಿ ಇದೆ, ಆದ್ರೆ ಸೈಜ್ 0 ಬೈಟ್. ಹನ್ನೊಂದು ದಿನದ ಉದ್ರಿ ಖಾಲಿ. ಮಾಮಾ ಬೈಯಲಿಲ್ಲ. "ಏನಪಾ ಇಂಜಿನಿಯರ, ವಹಿ ಎಂದಾದ್ರೂ ಹಿಂಗ ಮಾಡಿತ್ತೇನು?" ಅಂತ ಕೇಳಿದರು, ಅಷ್ಟೇ. ಅದಕ್ಕಿಂತ ಬೈದಿದ್ರೆ ಚಲೋ ಇತ್ತು.

ನಾನು ಮೊದಲು ಬೈದದ್ದು ಕರ್ನಲ್‌ಗೆ. "ಲಿನಕ್ಸ್‌ನಲ್ಲೇ ಏನೋ ಬಗ್ ಇರಬೇಕು" ಅಂತ ಹುಡುಕುತ್ತಾ ಕೂತೆ. ಬಗ್ ಸಿಕ್ಕವು, ಒಂದಲ್ಲ ಎರಡು. ನನ್ನ ಫೈಲ್ ತಿಂದದ್ದು ಅವೆರಡೂ ಅಲ್ಲ. ಆದ್ರೆ ಕರ್ನಲ್‌ನಲ್ಲಿ ಬಗ್ ಹೇಗೆ ಬರುತ್ತೆ, ಹೇಗೆ ಸರಿ ಆಗುತ್ತೆ ಅನ್ನೋದು ಆ ಎರಡರಿಂದಲೇ ನನಗೆ ತಿಳಿಯಿತು. ಅದನ್ನೇ ಇಲ್ಲಿ ಬರೀತಿದೀನಿ.

ಸೇವ್ ಅಂದ್ರೆ ಸೇವ್ ಅಲ್ಲ

ಪ್ರೋಗ್ರಾಂ ಒಂದು ಸಾಲು ಬರೆದ ತಕ್ಷಣ ಅದು ಡಿಸ್ಕಿಗೆ ಹೋಗಿ ಕೂರುತ್ತೆ ಅಂತ ನಾವೆಲ್ಲ ತಿಳಿದಿರ್ತೇವೆ. ಹಾಗಿಲ್ಲ. ದಾರಿಯಲ್ಲಿ ಮೂರು ಕಡೆ ನಿಂತು ಹೋಗುತ್ತೆ.

ಮೊದಲನೇದು ಪ್ರೋಗ್ರಾಂನದೇ ಬಫರ್. ಪೈಥಾನ್ ಸಣ್ಣ ಸಣ್ಣ ಬರಹಗಳನ್ನು ತನ್ನ ಹತ್ತಿರವೇ ಕೂಡಿಟ್ಟು, ಬಫರ್ ತುಂಬಿದ ಮೇಲೆ ಒಮ್ಮೆಗೇ ಕರ್ನಲ್‌ಗೆ ಕೊಡುತ್ತೆ. ಆ ಬಫರ್ ಸಾಮಾನ್ಯವಾಗಿ 8192 ಬೈಟ್. ಎರಡನೇದು ಕರ್ನಲ್‌ನ ಪೇಜ್ ಕ್ಯಾಶ್. ಇದು ರ‍್ಯಾಮ್‌ನಲ್ಲೇ ಇರುತ್ತೆ. ಡಿಸ್ಕ್ ನಿಧಾನ ಅಂತ ಕರ್ನಲ್ ಡೇಟಾವನ್ನು ಇಲ್ಲಿ ಇಟ್ಟುಕೊಂಡು "ಆಯ್ತು" ಅಂತ ಹೇಳಿಬಿಡುತ್ತೆ. ಆಮೇಲೆ ಹಿನ್ನೆಲೆಯಲ್ಲಿ 5 ಸೆಕೆಂಡಿಗೊಮ್ಮೆ ಎದ್ದು ನೋಡಿ, 30 ಸೆಕೆಂಡಿಗಿಂತ ಹಳೇದಾದ ಪೇಜ್‌ಗಳನ್ನು ಡಿಸ್ಕಿಗೆ ಕಳಿಸುತ್ತೆ. ಈ ಎರಡು ಸಂಖ್ಯೆ ಲಿನಕ್ಸ್‌ನ ಡಿಫಾಲ್ಟ್, ಬೇಕಾದ್ರೆ ಬದಲಿಸಬಹುದು. ಮೂರನೇದು ಡಿಸ್ಕಿನ ಒಳಗಿರೋ ಅದರದೇ ಕ್ಯಾಶ್.

ಈ ಮೂರರಲ್ಲಿ ಎಲ್ಲಿದ್ದಾಗ ಕರೆಂಟ್ ಹೋದ್ರೂ ಡೇಟಾ ಹೋಯಿತು. ಗಿರಾಕಿ ಹೇಳಿದ್ದನ್ನ ಅಂಗಡಿ ಹುಡುಗ ತಲೆಯಲ್ಲೇ ಇಟ್ಟುಕೊಂಡು "ಬರ‍್ಕೊಂಡೀನ್ರಿ" ಅಂದ ಹಾಗೆ. ವಹಿಯಲ್ಲಿ ಮಸಿ ಬೀಳೋ ತನಕ ಅದು ಲೆಕ್ಕ ಅಲ್ಲ.

2009ರ ಗದ್ದಲ

ನನಗೆ ಸಿಕ್ಕ ಮೊದಲನೇ ಬಗ್ ನನ್ನ ಕಥೆಯಂಥದ್ದೇ. ಲಿನಕ್ಸ್‌ನಲ್ಲಿ ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸಿಡೋ ವ್ಯವಸ್ಥೆಗಳಲ್ಲಿ ಬಹಳ ಬಳಕೆಯಲ್ಲಿರೋದು ಇಎಕ್ಸ್‌ಟಿ4. 2008ರ ಡಿಸೆಂಬರ್‌ನಲ್ಲಿ ಬಂದ 2.6.28 ಕರ್ನಲ್‌ನಲ್ಲಿ ಅದು ಪ್ರಯೋಗದ ಹಂತ ದಾಟಿತು. ಹೊಸದಾಗಿ ಹಾಕಿಕೊಂಡ ಕೆಲವರ ಕಂಪ್ಯೂಟರ್ ಮಧ್ಯದಲ್ಲೇ ಬಂದ್ ಬಿದ್ದಾಗ, ಮರಳಿ ಚಾಲೂ ಮಾಡಿದರೆ ಸೆಟ್ಟಿಂಗ್ಸ್ ಫೈಲ್‌ಗಳೆಲ್ಲ 0 ಬೈಟ್.

ಕಾರಣ ಡಿಲೇಡ್ ಅಲೊಕೇಶನ್. ಹಳೇ ಇಎಕ್ಸ್‌ಟಿ3 ಡಿಸ್ಕಿನಲ್ಲಿ ಜಾಗವನ್ನು ಬೇಗ ಹಿಡಿದಿಡ್ತಿತ್ತು, ಸುಮಾರು 5 ಸೆಕೆಂಡಿನೊಳಗೆ ಡೇಟಾ ಡಿಸ್ಕ್ ಸೇರ‍್ತಿತ್ತು. ಇಎಕ್ಸ್‌ಟಿ4 ಹಾಗಲ್ಲ, ಕೊನೆಯ ತನಕ ಕಾಯುತ್ತೆ. ಎಷ್ಟು ಡೇಟಾ ಬರುತ್ತೆ ಅಂತ ಪೂರ್ತಿ ಗೊತ್ತಾದ ಮೇಲೆ ಒಂದೇ ಕಡೆ ಸಾಲಾಗಿ ಜಾಗ ಕೊಡಬಹುದು, ವೇಗ ಹೆಚ್ಚುತ್ತೆ. ಆದ್ರೆ "ಈ ಫೈಲ್ ಖಾಲಿ ಮಾಡಲಾಗಿದೆ" ಅನ್ನೋ ಮಾಹಿತಿ ಮೊದಲು ಡಿಸ್ಕ್ ಸೇರಿ, "ಹೊಸ ಡೇಟಾ ಇದು" ಅನ್ನೋದು ಇನ್ನೂ ರ‍್ಯಾಮ್‌ನಲ್ಲೇ ಇದ್ದಾಗ ಕರೆಂಟ್ ಹೋದ್ರೆ? ಹಳೇದೂ ಇಲ್ಲ, ಹೊಸದೂ ಇಲ್ಲ.

ನಿಯಮದ ಪ್ರಕಾರ ಕರ್ನಲ್‌ನದು ತಪ್ಪಿರಲಿಲ್ಲ. ಡೇಟಾ ಡಿಸ್ಕಿಗೆ ಹೋಗಲೇಬೇಕು ಅಂದ್ರೆ ಪ್ರೋಗ್ರಾಂ ಎಫ್‌ಸಿಂಕ್ ಅಂತ ಕರೆದು ಕೇಳಬೇಕು. ಇಎಕ್ಸ್‌ಟಿ4 ನೋಡಿಕೊಳ್ಳುವ ಥಿಯೋಡರ್ ತ್ಸೋ ಅವರೂ ಅದನ್ನೇ ವಾದಿಸಿದರು. ಆದ್ರೆ ಜಗತ್ತಿನ ಎಷ್ಟೋ ಪ್ರೋಗ್ರಾಂಗಳು ಕೇಳೋದೇ ಇಲ್ಲ ಅನ್ನೋದೂ ನಿಜ. ಹಾಗಾಗಿ ಅವರೇ ಪ್ಯಾಚ್ ಬರೆದರು. ಒಂದು ಫೈಲನ್ನು ಖಾಲಿ ಮಾಡಿ ಮತ್ತೆ ಬರೆದು ಕ್ಲೋಸ್ ಮಾಡಿದಾಗ, ಅಥವಾ ಹೊಸ ಫೈಲ್ ಬರೆದು ಹಳೇದರ ಮೇಲೆ ಹೆಸರು ಬದಲಿಸಿ ಕೂರಿಸಿದಾಗ, ಇಎಕ್ಸ್‌ಟಿ4 ಕಾಯೋದು ಬಿಟ್ಟು ತಕ್ಷಣ ಜಾಗ ಕೊಟ್ಟು ಡೇಟಾ ಕಳಿಸುತ್ತೆ. ಇದು 2009ರ ಜೂನ್‌ನಲ್ಲಿ ಬಂದ 2.6.30ರಲ್ಲಿ ಸೇರಿತು. ಇವತ್ತಿಗೂ ಅದು ಡಿಫಾಲ್ಟ್.

ಹಾಗಾದ್ರೆ ನನ್ನ ಫೈಲ್ ಯಾಕೆ ಹೋಯಿತು? ನನ್ನ ಕೋಡ್ ತೆಗೆದು ಸಾಲು ಸಾಲು ಓದಿದೆ. ಪ್ರತಿ ಸಲ ಸೇವ್ ಒತ್ತಿದಾಗ ಫೈಲ್ ಖಾಲಿ ಮಾಡಿ, ಪೂರ್ತಿ ಪಟ್ಟಿ ಮತ್ತೆ ಬರೀತಿದ್ದೆ. ಕ್ಲೋಸ್ ಮಾಡ್ತಿದ್ದದ್ದು ಮಾತ್ರ ರಾತ್ರಿ ಅಂಗಡಿ ಮುಚ್ಚಿದಾಗ. ಹನ್ನೊಂದು ದಿನದ ಪಟ್ಟಿ 8192 ಬೈಟ್‌ಗಿಂತ ಚಿಕ್ಕದು. ಅಂದ್ರೆ ಬೆಳಿಗ್ಗೆ ಮೊದಲ ಸೇವ್‌ನಿಂದ ರಾತ್ರಿ ತನಕ ಕರ್ನಲ್ ಕಣ್ಣಿಗೆ ಆ ಫೈಲ್ ಖಾಲಿ. ಡೇಟಾ ಎಲ್ಲ ಪೈಥಾನ್‌ನ ಬಫರ್‌ನಲ್ಲೇ ಇತ್ತು, ಕರ್ನಲ್ ಕೈಗೆ ಬಂದೇ ಇರಲಿಲ್ಲ. ಕೊಡದೇ ಇದ್ದದ್ದನ್ನು ಅದು ಎಲ್ಲಿಂದ ಉಳಿಸಬೇಕು? ಬಗ್ ನಂದೇ.

ಔಷಧವೇ ರೋಗ ಆದಾಗ

ಎರಡನೇ ಬಗ್ 2023ರದು. ಅದು ತಿಳಿಯಬೇಕಾದ್ರೆ ಪ್ಯಾಚ್ ಹೇಗೆ ಹರಿದು ಬರುತ್ತೆ ಅಂತ ಮೊದಲು ಗೊತ್ತಿರಬೇಕು.

ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಇದು ಸುಲಭ. ವೇದಗಂಗಾ ಹೋಗಿ ದೂಧಗಂಗಾ ಸೇರುತ್ತೆ, ದೂಧಗಂಗಾ ಕೃಷ್ಣೆಗೆ ಸೇರುತ್ತೆ. ಕರ್ನಲ್‌ನಲ್ಲೂ ಹಾಗೇ. ಫೈಲ್ ಸಿಸ್ಟಮ್, ನೆಟ್‌ವರ್ಕ್, ವೈಫೈ ಅಂತ ಒಂದೊಂದು ಭಾಗಕ್ಕೂ ಒಬ್ಬೊಬ್ಬ ಮೇಂಟೇನರ್. ಪ್ಯಾಚ್ ಮೊದಲು ಅವರ ಹತ್ತಿರ ಬಂದು, ಅಲ್ಲಿ ಓದಿ ನೋಡಿ, ಕೊನೆಗೆ ಲಿನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಹೊಳೆಗೆ ಸೇರುತ್ತೆ. ಎರಡು ವಾರ ಹೊಸದೆಲ್ಲ ಒಳಗೆ ಬರುತ್ತೆ. ಆಮೇಲಿನ ಏಳೆಂಟು ವಾರ ಬರೀ ರಿಪೇರಿ. ಹೀಗೆ ಒಂಬತ್ತು-ಹತ್ತು ವಾರಕ್ಕೊಂದು ಹೊಸ ಕರ್ನಲ್.

ಆದ್ರೆ ಎಲ್ಲರೂ ಹತ್ತು ವಾರಕ್ಕೊಮ್ಮೆ ಕರ್ನಲ್ ಬದಲಿಸೋದಿಲ್ಲ. ಅವರಿಗಾಗಿ ಹಳೇ ಆವೃತ್ತಿಗಳನ್ನೇ ಇಟ್ಟುಕೊಂಡು ರಿಪೇರಿಗಳನ್ನು ಮಾತ್ರ ಸೇರಿಸುತ್ತಾ ಹೋಗ್ತಾರೆ. ಇದಕ್ಕೆ ಸ್ಟೇಬಲ್ ಕರ್ನಲ್ ಅಂತಾರೆ. ಹೊಳೆಯಿಂದ ತೆಗೆದ ಕಾಲುವೆ ಅನ್ನಿ. ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಸಾಶಾ ಲೆವಿನ್ ಇದನ್ನು ನೋಡಿಕೊಳ್ತಾರೆ. ನಿಯಮ ಒಂದೇ: ಮುಖ್ಯ ಹೊಳೆಗೆ ಬರದ ನೀರು ಕಾಲುವೆಗೆ ಬರಬಾರದು.

2023ರ ನವೆಂಬರ್ ಕೊನೆಯಲ್ಲಿ ಬಂದ ಸ್ಟೇಬಲ್ 6.1.64ರಲ್ಲಿ ಇಎಕ್ಸ್‌ಟಿ4ಗೆ ಯಾನ್ ಕಾರಾ ಬರೆದ ಒಂದು ರಿಪೇರಿ ಸೇರಿತ್ತು. ಮುಖ್ಯ ಹೊಳೆಯಲ್ಲಿ ಅದು ಪೂರ್ತಿ ಸರಿಯಾಗಿತ್ತು. ಯಾಕಂದ್ರೆ ಅಲ್ಲಿ ಅದಕ್ಕಿಂತ ಮೊದಲೇ ಇನ್ನೊಂದು ಪ್ಯಾಚ್ ಬಂದು ಕೂತಿತ್ತು. 6.1ರ ಕಾಲುವೆಯಲ್ಲಿ ಆ ಇನ್ನೊಂದು ಇರಲಿಲ್ಲ. ಜೋಡಿಯಲ್ಲಿ ಒಂದೇ ಎತ್ತು ಬಂತು.

ಪರಿಣಾಮ ಏನು? ಪೇಜ್ ಕ್ಯಾಶ್ ಬಿಟ್ಟು ನೇರವಾಗಿ ಡಿಸ್ಕಿಗೆ ಬರೆಯೋ ಡೈರೆಕ್ಟ್ ಐಓ ಅಂತ ಒಂದು ವಿಧಾನ ಇದೆ, ಡೇಟಾಬೇಸ್‌ಗಳು ಬಳಸ್ತಾವೆ. ಹಾಗೆ ಬರೆದ ಮೇಲೆ "ಮುಂದಿನದು ಎಲ್ಲಿ ಬರೀಬೇಕು" ಅನ್ನೋ ಗುರುತು ಮುಂದಕ್ಕೆ ಸರಿಯಲಿಲ್ಲ. ವಹಿಯಲ್ಲಿ ಒಂದು ಸಾಲು ಬರೆದು ಬೆರಳು ಕೆಳಗೆ ಸರಿಸೋದು ಮರೆತರೆ ಮುಂದಿನ ಲೆಕ್ಕ ಹಳೇ ಲೆಕ್ಕದ ಮೇಲೇ ಬೀಳುತ್ತೆ, ಹಾಗೆ. ಎರರ್ ಇಲ್ಲ, ಸದ್ದಿಲ್ಲ, ಡೇಟಾ ಮಾತ್ರ ಕೆಡುತ್ತೆ.

ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್‌ನ ಪ್ರೀಡ್‌ವಿ03 ಅನ್ನೋ ಚಿಕ್ಕ ಪರೀಕ್ಷೆ ಫೇಲ್ ಆಗಿದ್ದು ಇದರ ಸುಳಿವು ಕೊಟ್ಟಿತು. ಕಾರಣ ಹುಡುಕಿ ವಿವರಿಸಿದವರೂ ಯಾನ್ ಕಾರಾ ಅವರೇ. ಡೆಬಿಯನ್‌ನವರು ಅದೇ ವಾರ 12.3 ಬಿಡುಗಡೆ ಮಾಡಬೇಕಿತ್ತು. ಅದನ್ನು ತಡೆದು, ಸರಿಪಡಿಸಿದ 6.1.66 ಹಾಕಿಕೊಂಡು 2023ರ ಡಿಸೆಂಬರ್ 10ರಂದು ನೇರವಾಗಿ 12.4 ಬಿಟ್ಟರು. ಅಷ್ಟಕ್ಕೇ ಮುಗೀಲಿಲ್ಲ, 6.1.66ರಲ್ಲಿ ವೈಫೈ ಕೈಕೊಟ್ಟಿತು. ಆ ಒಂದು ಪ್ಯಾಚ್ ವಾಪಸ್ ತೆಗೆಯೋಕೆ 6.1.67 ಬಂತು.

ಇದನ್ನ ಓದಿದಾಗ ನನಗೆ ಮೊದಲು ಹೆದರಿಕೆ ಆಯಿತು. ಆಮೇಲೆ ಅನಿಸಿದ್ದು ಬೇರೆ. ಯಾವ ಪ್ಯಾಚ್, ಯಾರು ಬರೆದರು, ಯಾವುದು ಬಿಟ್ಟುಹೋಯಿತು, ಯಾವ ಪರೀಕ್ಷೆ ಫೇಲ್ ಆಯಿತು, ಎಲ್ಲ ಬಯಲಿನಲ್ಲೇ ಇದೆ. ಎರಡನೇ ವರ್ಷದ ಹುಡುಗ ಕೂಡ ಹಾಸ್ಟೆಲ್‌ನಲ್ಲಿ ಕೂತು ಓದಬಹುದು. ನಾನು ನನ್ನ ಬಗ್ ಬಗ್ಗೆ ಮಾಮಾನ ಮುಂದೆ ಅಷ್ಟು ಬಯಲಾಗಿ ಹೇಳಿರಲಿಲ್ಲ. "ಲೈಟಿನ ಸಮಸ್ಯೆ" ಅಂತ ಹೇಳಿ ಬಂದಿದ್ದೆ.

ಈಗ ಏನು ಸುಧಾರಿಸಿದೆ

2025ರ ಜನವರಿಯಲ್ಲಿ ಬಂದ 6.13 ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್‌ಗೆ ಅಟಾಮಿಕ್ ರೈಟ್ ಬಂದಿದೆ. ಬರೆಯೋ ಮಧ್ಯದಲ್ಲಿ ಕರೆಂಟ್ ಹೋದ್ರೆ ಅರ್ಧ ಹೊಸದು, ಅರ್ಧ ಹಳೇದು ಉಳಿಯೋದೇ ಡೇಟಾಬೇಸ್‌ಗಳಿಗೆ ದೊಡ್ಡ ತಲೆನೋವು. ಅಟಾಮಿಕ್ ರೈಟ್‌ನಲ್ಲಿ ಪೂರ್ತಿ ಹೊಸದು, ಇಲ್ಲವೇ ಪೂರ್ತಿ ಹಳೇದು. ಮಧ್ಯದ್ದು ಇಲ್ಲ. ಇಎಕ್ಸ್‌ಟಿ4 ಕಡೆಯ ಪ್ಯಾಚ್ ಬರೆದವರು ರಿತೇಶ್ ಹರ್ಜಾನಿ. ಇದಕ್ಕೆ ಡಿಸ್ಕ್ ಕೂಡ ಸಹಕರಿಸಬೇಕು, ಪ್ರೋಗ್ರಾಂ ಡೈರೆಕ್ಟ್ ಐಓ ಬಳಸಬೇಕು. ಹಾಗಾಗಿ ಮಾಮಾನ ಹಳೇ ಹಾರ್ಡ್ ಡಿಸ್ಕಿಗೆ ಇದರಿಂದ ಏನೂ ಆಗೋದಿಲ್ಲ. ಮೊದಲಿನ ಆವೃತ್ತಿಯಲ್ಲಿ ಒಂದು ಬ್ಲಾಕಿಗೆ ಮಾತ್ರ ಇತ್ತು. 2025ರ ಜುಲೈನ 6.16ರಲ್ಲಿ ಇಎಕ್ಸ್‌ಟಿ4ಗೆ ಹಲವು ಬ್ಲಾಕ್‌ಗಳನ್ನೂ ಹಾಗೆ ಒಟ್ಟಿಗೆ ಬರೆಯೋ ಸೌಲಭ್ಯ ಬಂತು.

ನಾವು ಮಾಡಬೇಕಾದ್ದು

ನಮ್ಮ ಲ್ಯಾಬ್ ಪ್ರೋಗ್ರಾಂಗಳಲ್ಲಿ ಫೈಲ್ ಬರೆಯೋದು ಕಲಿಸ್ತಾರೆ, ಕರೆಂಟ್ ಹೋದ್ರೆ ಏನು ಅಂತ ಪರೀಕ್ಷೆಯಲ್ಲಿ ಕೇಳೋದಿಲ್ಲ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಯಾವ ಅಂಗಡಿಗೆ ಪ್ರೋಗ್ರಾಂ ಬರೆದ್ರೂ ಅದೇ ಮೊದಲ ಪ್ರಶ್ನೆ ಆಗಬೇಕು. ನಾನು ಈಗ ಮಾಡೋದು ಇಷ್ಟು.

ಹಳೇ ಫೈಲ್ ಮುಟ್ಟೋದಿಲ್ಲ. ಪಕ್ಕದಲ್ಲಿ ಬೇರೆ ಹೆಸರಿನ ಹೊಸ ಫೈಲ್ ಬರೀತೇನೆ. ಬರೆದ ಮೇಲೆ ಫ್ಲಶ್ ಕರೀತೇನೆ, ಅದು ಪೈಥಾನ್ ಬಫರ್‌ನಿಂದ ಕರ್ನಲ್‌ಗೆ. ನಂತರ ಓಎಸ್ ಡಾಟ್ ಎಫ್‌ಸಿಂಕ್, ಅದು ಕರ್ನಲ್‌ನಿಂದ ಡಿಸ್ಕಿಗೆ. ಕೊನೆಗೆ ಓಎಸ್ ಡಾಟ್ ರಿಪ್ಲೇಸ್, ಅದು ಹೊಸದನ್ನು ಹಳೇ ಹೆಸರಿಗೆ ಕೂರಿಸುತ್ತೆ. ಈ ಕ್ರಮದಲ್ಲಿ ಯಾವ ಕ್ಷಣ ಕರೆಂಟ್ ಹೋದ್ರೂ ಹಳೇ ಪಟ್ಟಿ ಅಥವಾ ಹೊಸ ಪಟ್ಟಿ, ಎರಡರಲ್ಲಿ ಒಂದು ಪೂರ್ತಿ ಇದ್ದೇ ಇರುತ್ತೆ. ವರ್ಚುವಲ್ ಮೆಷೀನ್ ಮಾಡಿ, ಸೇವ್ ಆಗುವಾಗಲೇ 30 ಸಲ ಪವರ್ ಆಫ್ ಮಾಡಿ ನೋಡಿದೆ. ಒಮ್ಮೆಯೂ ಖಾಲಿ ಫೈಲ್ ಬರಲಿಲ್ಲ.

ಕರ್ನಲ್ ವಿಷಯದಲ್ಲಿ: "ಅಪ್‌ಡೇಟ್ ಮಾಡಬ್ಯಾಡೋ, ಕೆಟ್ಟು ಹೋಗತೈತಿ" ಅಂತ ಹಾಸ್ಟೆಲ್‌ನಲ್ಲಿ ಹೇಳೋರಿದ್ದಾರೆ. 2023ರ ಕಥೆ ಕೇಳಿ ಅವರು ಖುಷಿ ಪಡಬಹುದು. ಆದ್ರೆ 6.1.64ರಲ್ಲೇ ನಿಂತವನ ಡೇಟಾ ಕೆಡ್ತಾನೇ ಹೋಗುತ್ತೆ, 66ಕ್ಕೆ ಹೋದವನದು ಉಳಿಯುತ್ತೆ. ಟರ್ಮಿನಲ್‌ನಲ್ಲಿ ಯುನೇಮ್ ಮೈನಸ್ ಆರ್ ಕೊಟ್ಟು ನಿಮ್ಮ ಕರ್ನಲ್ ಯಾವುದು ನೋಡಿ. ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್. ಹಳೇ ಕರ್ನಲ್ ಒಂದನ್ನು ಗ್ರಬ್ ಮೆನುವಿನಲ್ಲಿ ಇಟ್ಟುಕೊಳ್ಳಿ, ಹೊಸದು ಕೈಕೊಟ್ಟರೆ ಅದರಿಂದ ಬೂಟ್ ಆಗಬಹುದು.

ದೀಪಾವಳಿಗೆ ಊರಿಗೆ ಹೋದಾಗ ಮಾಮಾನಿಗೆ ನಿಜ ಹೇಳಿದೆ. ಲೈಟಿಂದಲ್ಲ, ಲಿನಕ್ಸಿಂದಲ್ಲ, ನನ್ನ ಪ್ರೋಗ್ರಾಂನದೇ ತಪ್ಪು ಅಂತ. ಹನ್ನೊಂದು ದಿನದ ಲೆಕ್ಕವನ್ನು ಅವರು ಅಷ್ಟರಲ್ಲಿ ನೆನಪಿನಿಂದ ಮತ್ತೆ ವಹಿಯಲ್ಲಿ ಬರೆದುಕೊಂಡಿದ್ದರು. ಬಹಳ ಮಂದಿ ತಾವೇ ಬಂದು ಹೇಳಿದರಂತೆ. ಇಬ್ಬರ ಲೆಕ್ಕ ಇನ್ನೂ ತಾಳೆ ಆಗಿಲ್ಲ. ಹೊಸ ಪ್ರೋಗ್ರಾಂ ಹಾಕಿ, ಅವರ ಎದುರಿಗೇ ಪ್ಲಗ್ ಕಿತ್ತು ಮತ್ತೆ ಚಾಲೂ ಮಾಡಿ ತೋರಿಸಿದೆ. ಪಟ್ಟಿ ಹಾಗೇ ಇತ್ತು. ಮಾಮಾ ನೋಡಿದರು, ತಲೆ ಆಡಿಸಿದರು, ವಹಿಯನ್ನು ಗಲ್ಲಾದ ಪಕ್ಕದಲ್ಲೇ ಇಟ್ಟರು.

"ಚಲೋ ಆತು. ಎರಡೂ ಇರ್ಲಿ" ಅಂದರು.

ಬ್ಯಾಕಪ್ ಅಂದ್ರೆ ಅದೇ ಅಲ್ವಾ. ನಾನೂ ಸುಮ್ಮನಾದೆ.